ಫೋನಿನ ಆ ಕಡೆಯವಳೂ ಹಾಡಿದಾಗ

ಪ್ರಶ್ನೆ: ಸರ್, ಹಳೇ ಅಮೆರಿಕನ್ ಹಾಡುಗಳಲ್ಲಿ 'ಆನ್ಸರ್ ರೆಕಾರ್ಡ್' ಅಂತಾರಲ್ಲ, ಅದಕ್ಕೂ ಪ್ಯಾರಡಿಗೂ ಏನ್ ವ್ಯತ್ಯಾಸ? ಇನ್ನೊಬ್ರ ಟ್ಯೂನ್ ಎತ್ಕೊಂಡ್ರೆ ಕದ್ದಂಗಲ್ವಾ?

ಉತ್ತರ: 1958ರಲ್ಲಿ ಬಿಗ್ ಬಾಪರ್ ಹಾಡಿದ 'ಶಾಂಟಿಲಿ ಲೇಸ್' ಒಮ್ಮೆ ಕೇಳಿ. ಇಡೀ ಹಾಡೇ ಒಂದು ಫೋನ್ ಕಾಲ್, ಹುಡುಗ ಮಾತಾಡ್ತಾನೆ ನಗ್ತಾನೆ, ಆ ಕಡೆಯಿಂದ ಹುಡುಗಿ ಏನಂದ್ಲು ಅಂತ ನಮಗೆ ಕೇಳ್ಸೋದೇ ಇಲ್ಲ. ಆಮೇಲೆ ನಟಿ ಜೇನ್ ಮ್ಯಾನ್ಸ್‌ಫೀಲ್ಡ್ 'ದಟ್ ಮೇಕ್ಸ್ ಇಟ್' ಅಂತ ಹಾಡಿದ್ರು, ಅದ್ರಲ್ಲಿ ಬರೀ ಆ ಹುಡುಗಿ ಮಾತು. ಇದು ಆನ್ಸರ್ ರೆಕಾರ್ಡ್. ಶಾಂಟಿಲಿ ಲೇಸ್ ಪ್ಲೇಟಿನ ಇನ್ನೊಂದು ಮಗ್ಗುಲಲ್ಲಿ ಇದ್ದಿದ್ದು ಪ್ಯಾರಡಿ: ಆ ವರ್ಷ ನಂಬರ್ ಒನ್ ಆಗಿದ್ದ 'ವಿಚ್ ಡಾಕ್ಟರ್', 'ಪರ್ಪಲ್ ಪೀಪಲ್ ಈಟರ್' ಅನ್ನೋ ಎರಡು ತಮಾಷೆ ಹಾಡಿನ ಪಾತ್ರಗಳನ್ನ ಒಂದೇ ಹಾಡಲ್ಲಿ ಭೇಟಿ ಮಾಡ್ಸಿದ್ರು. ಓಡಿದ್ದು ಮಾತ್ರ ಫೋನ್ ಹಾಡು.

ಪ್ಯಾರಡಿ ಹಾಡನ್ನೇ ಇಟ್ಕೊಂಡು ನಗ್ಸುತ್ತೆ, ಆನ್ಸರ್ ರೆಕಾರ್ಡ್ ಹಾಡಲ್ಲಿ ಬಾಯಿ ಇಲ್ದೆ ಕೂತವರಿಗೆ ಬಾಯಿ ಕೊಡುತ್ತೆ. ನನಗಂತೂ ಇದ್ರಲ್ಲಿ ಎಲ್ಲಕ್ಕಿಂತ ದೊಡ್ಡದು 1952ರದ್ದು. ಹ್ಯಾಂಕ್ ಥಾಂಪ್ಸನ್ 'ದ ವೈಲ್ಡ್ ಸೈಡ್ ಆಫ್ ಲೈಫ್'ನಲ್ಲಿ, ಬಿಟ್ಟು ಹೋದ ಹೆಂಡ್ತಿನ ಬೈತಾ, ಬಾರ್ ಸುತ್ತೋ ಇಂಥವರನ್ನೂ ದೇವರೇ ಮಾಡಿದ್ನಾ ಅಂತ ಹಾಡ್ದ, 15 ವಾರ ನಂಬರ್ ಒನ್. ಅದೇ ವರ್ಷ ಗಾಯಕಿ ಕಿಟ್ಟಿ ವೆಲ್ಸ್ ಅದೇ ಟ್ಯೂನಲ್ಲಿ ಉತ್ತರ ಕೊಟ್ರು: ದೇವರಲ್ಲ ಸ್ವಾಮಿ, ಮದುವೆ ಆಗಿದ್ರೂ ಆಗಿಲ್ಲ ಅನ್ನೋ ಹಂಗೆ ತಿರುಗೋ ಗಂಡಸ್ರೇ ಕಾರಣ ಅಂತ. ಮೂರು ಮಕ್ಕಳ ತಾಯಿ, ಹಾಡಕ್ಕೆ ಒಪ್ಪಿದ್ದೇ 125 ಡಾಲರ್ ಫೀಸ್ ಬರುತ್ತಲ್ಲ ಅಂತ. ಎನ್‌ಬಿಸಿ ರೇಡಿಯೋ ಆ ಹಾಡು ಹಾಕಲ್ಲ ಅಂತು, ಜನ ಪ್ಲೇಟು ಕೊಂಡ್ಕೊಂಡು ಕೇಳಿದ್ರು, ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಧಾಟಿ) ಹಾಡುಗಳ ಪಟ್ಟಿಯಲ್ಲಿ ಒಂಟಿ ಗಾಯಕಿಯೊಬ್ರು ನಂಬರ್ ಒನ್ ಆಗಿದ್ದು ಅದೇ ಮೊದ್ಲು.

ಕದ್ದಂಗಲ್ವಾ ಅಂದ್ರಿ, ಆದ್ರೆ ಆ ಟ್ಯೂನ್ ಥಾಂಪ್ಸನ್‌ದೂ ಅಲ್ಲ. 1929ರಲ್ಲೇ ಕಾರ್ಟರ್ ಫ್ಯಾಮಿಲಿ ಅನ್ನೋ ಹಾಡುಗಾರರ ತಂಡ ಅದೇ ಧಾಟಿಯಲ್ಲಿ ಹಾಡಿತ್ತು, 1936ರಲ್ಲಿ ಗಾಯಕ ರಾಯ್ ಏಕಫ್ ಅದನ್ನೇ ಭಕ್ತಿಗೀತೆಗೆ ಬಳಸಿದ್ರು. ಊರಿನ ಬಾವಿ ನೀರು ಇದ್ದಂಗೆ, ಯಾರ್ ಬೇಕಾದ್ರೂ ಸೇದ್ಕೋಬಹುದಿತ್ತು. ಹೊಸ ಟ್ಯೂನ್ ಆದ್ರೆ ಕಥೆ ಬೇರೆ. ಪ್ಯಾರಡಿಗೆ ಅಮೆರಿಕದ ಸುಪ್ರೀಂ ಕೋರ್ಟ್ 1994ರಲ್ಲಿ ಒಂದಷ್ಟು ರಕ್ಷಣೆ ಕೊಟ್ಟಿದೆ, ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಪ್ಯಾರಡಿ ಅನ್ನೋ ಪದಾನೇ ಇಲ್ಲ, ಅದಕ್ಕೇ ನೀವೇನಾದ್ರೂ ಮಾಡಿ ಹಾಕೋದಿದ್ರೆ ಮೊದ್ಲು ಪರ್ಮಿಷನ್ ತಗೊಳ್ಳಿ.

ಅಂದಹಾಗೆ ಉತ್ತರ ಕರ್ನಾಟಕದವರಿಗೆ ಇದು ಹೊಸದಲ್ಲ. ಗೀಗೀ ಮೇಳದಲ್ಲಿ ಹರದೇಶಿಯವರು ಗಂಡು ಹೆಚ್ಚು ಅಂತ ಹಾಡಿದ್ರೆ ನಾಗೇಶಿಯವರು ಹೆಣ್ಣು ಹೆಚ್ಚು ಅಂತ ಎದ್ದು ನಿಲ್ತಾರೆ, ರಾತ್ರಿಯೆಲ್ಲಾ ಸವಾಲ್ ಜವಾಬ್. ಥಾಂಪ್ಸನ್ ಹಾಡು ಮುಗಿದ ತಕ್ಷಣ ಕಿಟ್ಟಿ ವೆಲ್ಸ್ ಹಾಡು ಹಾಕಿ, ಮಧ್ಯ ಬೇರೇನೂ ಬೇಡ, ನಾಗೇಶಿಯವಳು ದಪ್ಪು ಎತ್ಕೊಂಡು ಎದ್ದಂಗೇ ಕೇಳ್ಸುತ್ತೆ.