40 ಪಿಸಿಗಳಿಗೆ ಒಂದೇ ವಿಂಡೋಸ್ ಇಮೇಜ್ ಹಾಕೋದು ಹೇಗೆ?

ಲ್ಯಾಬ್‌ಗೆ ಒಂದೇ ಮಾಡೆಲ್‌ನ 40 ಪಿಸಿ ಬಂದಿವೆ, ಒಂದಕ್ಕೆ ವಿಂಡೋಸ್ 11, ಪೈಥಾನ್, ನುಡಿ ಎಲ್ಲ ಹಾಕಿ, ಇಡೀ ಡಿಸ್ಕನ್ನೇ ನಕಲು ಮಾಡುವ ಕ್ಲೋನೆಜಿಲ್ಲಾದಲ್ಲಿ ಉಳಿದ 39ಕ್ಕೆ ಕಾಪಿ ಹೊಡೆದರೆ ಸಾಕಲ್ವಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ಕಾಪಿ ಆಗುತ್ತದೆ, ಬೂಟ್ ಕೂಡ ಆಗುತ್ತದೆ, ತೊಂದರೆ ಶುರುವಾಗೋದು ಆಮೇಲೆ.

ಪ್ರತಿ ವಿಂಡೋಸ್‌ಗೂ ಇನ್‌ಸ್ಟಾಲ್ ಆಗುವಾಗ ಎಸ್‌ಐಡಿ ಅನ್ನೋ ಒಂದು ಗುರುತಿನ ನಂಬರ್ ಸಿಗುತ್ತದೆ. ಹಾಗೇ ಕಾಪಿ ಮಾಡಿದರೆ 40ಕ್ಕೂ ಅದೇ ನಂಬರ್. "ಎಸ್‌ಐಡಿ ಒಂದೇ ಇದ್ರೆ ಏನೂ ಆಗಲ್ಲ" ಅಂತ ಈಗಲೂ ಜಾಸ್ತಿ ಜನ ಹೇಳುತ್ತಾರೆ. 2009ರಲ್ಲಿ ಮೈಕ್ರೋಸಾಫ್ಟ್‌ನ ಮಾರ್ಕ್ ರಸಿನೋವಿಚ್ ಅದನ್ನೇ ಬರೆದು ಈ ನಂಬರ್ ಬದಲಿಸುವ ತಮ್ಮ ನ್ಯೂಎಸ್‌ಐಡಿ ಟೂಲನ್ನೇ ನಿಲ್ಲಿಸಿದ್ದರು. ಈಗ ಆ ಮಾತು ನಡೆಯಲ್ಲ. 2025ರ ಆಗಸ್ಟ್ ಕೊನೆಯಿಂದ ಬಂದ ಅಪ್‌ಡೇಟ್‌ಗಳಲ್ಲಿ ವಿಂಡೋಸ್ 11 ಈ ನಂಬರನ್ನು ಪರೀಕ್ಷಿಸುತ್ತದೆ. ಎರಡು ಪಿಸಿಗೆ ಒಂದೇ ಇದ್ದರೆ ಅವುಗಳ ಮಧ್ಯೆ ಲಾಗಿನ್ ಫೇಲ್ ಆಗುತ್ತದೆ, ಶೇರ್ಡ್ ಫೋಲ್ಡರ್ ತೆರೆಯಲ್ಲ, ರಿಮೋಟ್ ಡೆಸ್ಕ್‌ಟಾಪ್ ಹತ್ತಲ್ಲ, ಪಾಸ್‌ವರ್ಡ್ ಸರಿ ಇದ್ದರೂ ತಪ್ಪು ಅನ್ನುತ್ತದೆ.

ಇದಕ್ಕೆ ಮದ್ದು ಸಿಸ್‌ಪ್ರೆಪ್, ಹಳೆ ನಂಬರ್ ಅಳಿಸಿ ಪ್ರತಿ ಪಿಸಿಗೂ ಹೊಸದು ಸಿಗೋ ಹಾಗೆ ಮಾಡುವ ಟೂಲ್, ಅದು ವಿಂಡೋಸ್ ಒಳಗೇ ಇದೆ. ಇನ್‌ಸ್ಟಾಲ್ ಆಗಿ ದೇಶ ಯಾವುದು ಅಂತ ಕೇಳುವ ಸ್ಕ್ರೀನ್ ಬಂದಾಗ ಯೂಸರ್ ಮಾಡಬೇಡಿ, ಕಂಟ್ರೋಲ್, ಶಿಫ್ಟ್, ಎಫ್3 ಒಟ್ಟಿಗೆ ಒತ್ತಿ. ಆಡಿಟ್ ಮೋಡ್‌ಗೆ, ಅಂದರೆ ಯೂಸರ್ ಮಾಡದೆಯೇ ಸಾಫ್ಟ್‌ವೇರ್ ಹಾಕಬಹುದಾದ ಸ್ಥಿತಿಗೆ ಹೋಗುತ್ತದೆ. ಸಾಫ್ಟ್‌ವೇರ್ ಎಲ್ಲ ಅಲ್ಲೇ ಹಾಕಿ. ಮುಖ್ಯವಾದದ್ದು, ಇಂಟರ್ನೆಟ್ ಕೇಬಲ್ ಕಿತ್ತಿಡಿ, ಬೇಕಾದ ಸೆಟಪ್ ಫೈಲ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ತನ್ನಿ. ನೆಟ್ ಇದ್ದರೆ ಸ್ಟೋರ್ ಸುಮ್ನೆ ಕೂರಲ್ಲ, ಹಿಂದಿನಿಂದ ಆಪ್‌ಗಳನ್ನು ಅಪ್‌ಡೇಟ್ ಮಾಡಿಬಿಡುತ್ತದೆ, ಆಮೇಲೆ ಸಿಸ್‌ಪ್ರೆಪ್ ಅರ್ಧಕ್ಕೇ ನಿಲ್ಲುತ್ತದೆ. ನಾನು ನೋಡಿರೋದರಲ್ಲಿ ಜಾಸ್ತಿ ಜನ ಕೈಚೆಲ್ಲೋದು ಇಲ್ಲೇ. ಹಾಗಾದರೆ ಸಿಸ್‌ಪ್ರೆಪ್ ಫೋಲ್ಡರ್ ಒಳಗಿನ ಪ್ಯಾಂಥರ್ ಫೋಲ್ಡರ್‌ನಲ್ಲಿ ಸೆಟಪ್‌ಆಕ್ಟ್ ಅನ್ನೋ ಲಾಗ್ ಫೈಲ್ ತೆರೆದು ಕೊನೆಯ ಸಾಲುಗಳನ್ನು ನೋಡಿ. ಒಬ್ಬ ಯೂಸರ್‌ಗೆ ಮಾತ್ರ ಇನ್‌ಸ್ಟಾಲ್ ಆಗಿರುವ ಆಪ್‌ನ ಹೆಸರು ಅಲ್ಲೇ ಇರುತ್ತದೆ. ಪವರ್‌ಶೆಲ್‌ನಿಂದ ಅದನ್ನು ತೆಗೆದು ಮತ್ತೆ ಓಡಿಸಿ. ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಆನ್ ಇದ್ದರೂ ಸಿಸ್‌ಪ್ರೆಪ್ ಒಪ್ಪಲ್ಲ, ಮೊದಲೇ ಆಫ್ ಮಾಡಿ.

ಸಿಸ್‌ಪ್ರೆಪ್ ಓಡಿಸುವ ಮುಂಚೆ ಕ್ಲೋನೆಜಿಲ್ಲಾದಿಂದ ಒಂದು ಇಮೇಜ್, ಅಂದರೆ ಇಡೀ ಡಿಸ್ಕ್‌ನ ನಕಲು, ತೆಗೆದಿಡಿ. ಮುಂದಿನ ಸೆಮಿಸ್ಟರ್‌ಗೆ ಹೊಸ ಸಾಫ್ಟ್‌ವೇರ್ ಸೇರಿಸಬೇಕಾದರೆ ಅಲ್ಲಿಂದಲೇ ಮುಂದುವರಿಸಬಹುದು.

ಆಮೇಲೆ ಸಿಸ್‌ಪ್ರೆಪ್ ತೆರೆದು ಊಬಿ (OOBE, ಹೊಸ ಪಿಸಿಯ ಮೊದಲ ಸೆಟಪ್ ಸ್ಕ್ರೀನ್) ಆಯ್ಕೆ ಮಾಡಿ, ಹಳೆ ನಂಬರ್ ಅಳಿಸುವ ಜನರಲೈಜ್‌ಗೆ ಟಿಕ್ ಹಾಕಿ, ಕೆಳಗೆ ಶಟ್‌ಡೌನ್ ಕೊಡಿ. ರೀಸ್ಟಾರ್ಟ್ ಕೊಡಬೇಡಿ. ಆಫ್ ಆದ ಮೇಲೆ ಆ ಡಿಸ್ಕ್‌ನಿಂದ ಬೂಟ್ ಆಗಲು ಬಿಡದೆ ನೇರ ಕ್ಲೋನೆಜಿಲ್ಲಾ ಪೆನ್‌ಡ್ರೈವ್‌ನಿಂದ ಎಬ್ಬಿಸಿ ಇಮೇಜ್ ತೆಗೆಯಿರಿ. ಹಾಕುವ ಪಿಸಿಯ ಡಿಸ್ಕ್ ಇದಕ್ಕಿಂತ ಚಿಕ್ಕದಿರಬಾರದು.

ಲೈಸೆನ್ಸ್ ವಿಷಯವನ್ನೂ ಕಾಲೇಜಿನಲ್ಲಿ ಕೇಳಿಕೊಳ್ಳಿ. ಪಿಸಿ ಜೊತೆ ಬಂದ ವಿಂಡೋಸ್‌ನಿಂದ ಹೀಗೆ ಇಮೇಜ್ ಮಾಡಿ ಹಂಚಲು ಅನುಮತಿ ಇಲ್ಲ, ಸಂಸ್ಥೆಗಳಿಗೆ ಕೊಡುವ ವಾಲ್ಯೂಮ್ ಲೈಸೆನ್ಸ್ ಬೇಕು.

ಮೊದಲು ಎರಡೇ ಪಿಸಿಗೆ ಹಾಕಿ, ಎರಡರಲ್ಲೂ ಲೋಕಲ್ ಯೂಸರ್ ಆಗಿ ಲಾಗಿನ್ ಆಗಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೂಆಮ್‌ಐ ಸ್ಲ್ಯಾಶ್ ಯೂಸರ್ (whoami /user) ಕೊಟ್ಟು ನೋಡಿ. ಬರುವ ಉದ್ದ ನಂಬರ್‌ನಲ್ಲಿ ಕೊನೆಯ ತುಂಡು ಬಿಟ್ಟು ಉಳಿದದ್ದು ಎರಡರಲ್ಲೂ ಬೇರೆ ಬೇರೆ ಇದ್ದರೆ ಮಿಕ್ಕ 37ಕ್ಕೂ ಧೈರ್ಯವಾಗಿ ಹಾಕಿ.