ತಿಂಗಳುಗಟ್ಟಲೆ ಮೊದಲೇ ಹೇಳುವ ಹಳೇ ಕಾಲದ ಮಳೆ ಭವಿಷ್ಯವನ್ನು ನಂಬಬಹುದಾ?

ತಿಂಗಳುಗಳ ಮುಂಚೆಯೇ ಮಳೆ, ಚಳಿ ಹೇಳುವ ಸಾಂಪ್ರದಾಯಿಕ ಭವಿಷ್ಯಗಳಲ್ಲಿ ಹುರುಳಿದೆಯೇ ಅಂತ ಕೇಳಿದ್ದೀರಿ. ಬಹುಪಾಲು ಇಲ್ಲ. ಹಾಗಂತ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕೂ ಆಗಲ್ಲ.

ಆ ಭವಿಷ್ಯ ಏನನ್ನು ನೋಡಿ ಹೇಳಿದ್ದು ಅಂತ ನಾನು ಮೊದಲು ವಿಚಾರಿಸುತ್ತೇನೆ. ಬರೀ ತಾರೀಖು ನೋಡಿ ಹೇಳಿದ್ದಾದರೆ ಅಲ್ಲಿಗೇ ಬಿಟ್ಟೆ. ಜುಲೈ 15ರ ಸೇಂಟ್ ಸ್ವಿದಿನ್ ದಿನ ಮಳೆ ಬಂದರೆ ಮುಂದೆ 40 ದಿನ ಬಿಡದೆ ಸುರಿಯುತ್ತದೆ ಅಂತ ಇಂಗ್ಲೆಂಡಿನಲ್ಲೊಂದು ಮಾತಿದೆ. ಅಲ್ಲಿ 1861ರಿಂದ ದಾಖಲೆ ಇಟ್ಟಿದ್ದಾರೆ, ಒಂದು ವರ್ಷವೂ ಹಾಗಾಗಿಲ್ಲ. ಅಮೆರಿಕದಲ್ಲಿ 1792ರಲ್ಲಿ ಶುರುವಾದ ಓಲ್ಡ್ ಫಾರ್ಮರ್ಸ್ ಅಲ್ಮನಾಕ್ ಅನ್ನುವ ಪಂಚಾಂಗದಂಥ ವಾರ್ಷಿಕ ಪುಸ್ತಕ ತನ್ನ ಹವಾಮಾನ ಭವಿಷ್ಯ ನೂರಕ್ಕೆ 80 ಸರಿ ಅಂತ ಹೇಳಿಕೊಳ್ಳುತ್ತದೆ. ಹೊರಗಿನವರು ತಾಳೆ ನೋಡಿದಾಗ ಸಿಕ್ಕಿದ್ದು 50ರ ಆಸುಪಾಸು. ನಾಣ್ಯ ಚಿಮ್ಮಿದರೂ ಅಷ್ಟು ಬರುತ್ತದೆ, ಅಲ್ವಾ?

ಪೆರು, ಬೊಲಿವಿಯಾ ಕಡೆಯ ಆಂಡಿಸ್ ಬೆಟ್ಟಗಳ ಆಲೂಗಡ್ಡೆ ರೈತರದ್ದು ಮಾತ್ರ ಬೇರೆಯೇ ಕತೆ. ಜೂನ್ ಕೊನೆಯ ವಾರ, ಬೆಳಕು ಹರಿಯುವ ಮುಂಚೆ ಬೆಟ್ಟದ ಮೇಲೆ ನಿಂತು ಕೃತ್ತಿಕೆಯ ಗೊಂಚಲನ್ನು ನೋಡುತ್ತಾರೆ. ನಕ್ಷತ್ರಗಳು ದಪ್ಪಗೆ, ನಿಚ್ಚಳವಾಗಿ ಕಂಡರೆ ಮಳೆ ಬೇಗ, ಫಸಲೂ ಚೆನ್ನ. ಮಸುಕಾಗಿದ್ದರೆ ಮಳೆ ತಡ, ಅದೂ ಕಮ್ಮಿ. ಆಗ ಬಿತ್ತನೆಯನ್ನು ಕೆಲವು ವಾರ ಮುಂದಕ್ಕೆ ಹಾಕುತ್ತಾರೆ.

ಕೇಳಿದ ತಕ್ಷಣ ಮೂಢನಂಬಿಕೆ ಅನಿಸುತ್ತದೆ. ಆದರೆ ಮೂವರು ಸಂಶೋಧಕರು ಇದನ್ನು ಉಪಗ್ರಹದ ಮಾಹಿತಿಯ ಪಕ್ಕ ಇಟ್ಟು ನೋಡಿ 2000ದಲ್ಲಿ ಪ್ರಕಟಿಸಿದರು. ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೊ ವರ್ಷಗಳಲ್ಲಿ, ಜೂನ್ ಹೊತ್ತಿಗೆ ಅಲ್ಲಿ ಬಹಳ ಎತ್ತರದಲ್ಲಿ ತೆಳು ಮೋಡ ಜಾಸ್ತಿ. ಕಣ್ಣಿಗೆ ಮೋಡ ಅಂತಲೇ ಗೊತ್ತಾಗಲ್ಲ, ನಕ್ಷತ್ರ ಮಾತ್ರ ಮಂಕಾಗುತ್ತದೆ. ಅದೇ ಎಲ್ ನಿನೊ ಕೆಲವು ತಿಂಗಳ ನಂತರ ಅಲ್ಲಿನ ಮಳೆಯನ್ನೂ ಕಡಿಮೆ ಮಾಡುತ್ತದೆ. ಎಷ್ಟೋ ತಲೆಮಾರುಗಳಿಂದ ರೈತರು ನೋಡುತ್ತಿದ್ದದ್ದು ಅದರ ಗುರುತನ್ನೇ! ಪ್ರತಿ ವರ್ಷವೂ ಹೊಂದುತ್ತದೆ ಅಂತಲ್ಲ, ಆದರೆ ಸುಮ್ನೆ ಊಹಿಸುವುದಕ್ಕಿಂತ ವಾಸಿ. ಅದು ಬೇರೆ ಕಡೆ ನಡೆಯುವುದೂ ಇಲ್ಲ. ಅಲ್ಲಿನ ಮೋಡ, ಅಲ್ಲಿನ ಮಳೆಯ ಲೆಕ್ಕ ಅದು.

ಇನ್ನು "ಆರು ತಿಂಗಳ ನಂತರ ಇಂಥಾ ದಿನ ಮಳೆ" ಅನ್ನುವ ಮಾತು. ಇವತ್ತಿನ ಸೂಪರ್‌ಕಂಪ್ಯೂಟರ್‌ಗಳಿಗೂ ದಿನದ ಲೆಕ್ಕದಲ್ಲಿ ಹೇಳೋಕಾಗುವುದು ಹೆಚ್ಚೆಂದರೆ ಎರಡು ವಾರ. ಆರಂಭದ ಸಣ್ಣ ವ್ಯತ್ಯಾಸವೂ ಬೆಳೆಯುತ್ತಾ ಹೋಗಿ ಲೆಕ್ಕವನ್ನೇ ಬುಡಮೇಲು ಮಾಡುತ್ತದೆ ಅಂತ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1963ರಲ್ಲೇ ತೋರಿಸಿದ್ದರು. ಅದರಾಚೆ ಹೇಳಬಹುದಾದ್ದು, ಇಡೀ ಋತುವಿನಲ್ಲಿ ಮಳೆ ವಾಡಿಕೆಗಿಂತ ಹೆಚ್ಚಾಗುವ ಸಾಧ್ಯತೆ ಎಷ್ಟು, ಕಮ್ಮಿಯಾಗುವ ಸಾಧ್ಯತೆ ಎಷ್ಟು ಅಂತ ಮಾತ್ರ.

ನಿಮಗೆ ಗೊತ್ತಿರುವ ಭವಿಷ್ಯವನ್ನು ನೀವೇ ಪರೀಕ್ಷಿಸಬಹುದು. ಮಳೆಗಾಲದ ನಟ್ಟನಡುವೆ "ಮಳೆ ಬರುತ್ತೆ" ಅಂದಿದ್ದು ಸರಿಹೋದರೆ ಅದಕ್ಕೆ ಅಂಕ ಕೊಡಬೇಡಿ, ವಾಡಿಕೆ ಗೊತ್ತಿದ್ದ ಯಾರು ಬೇಕಾದರೂ ಅದನ್ನು ಹೇಳುತ್ತಾರೆ. "ಅಲ್ಲಲ್ಲಿ ಸಾಧಾರಣ ಮಳೆ" ಅನ್ನುವಂಥವನ್ನೂ ಬಿಡಿ. ವಾಡಿಕೆಗೆ ವಿರುದ್ಧವಾಗಿ ಹೇಳಿದ್ದೆಷ್ಟು, ಅದರಲ್ಲಿ ನಿಜವಾದದ್ದೆಷ್ಟು, ಅದನ್ನಷ್ಟೇ ಎಣಿಸಿ. ಒಂದೆರಡು ವರ್ಷ ಸಾಲದು. ಆ ಭವಿಷ್ಯದ ಹಳೇ ಪ್ರತಿಗಳು ಸಿಕ್ಕರೆ ಹವಾಮಾನ ಇಲಾಖೆಯ ಮಳೆ ದಾಖಲೆ ಪಕ್ಕದಲ್ಲಿಟ್ಟುಕೊಂಡು ಕೂತರೆ ಆಯ್ತು.