ಪಿಎಚ್‌ಡಿ ಮಾಡಿದವರು ಕೋಡಿಂಗ್‌ಗೆ ಹೊರಟಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆ ಕೇಳಲು ಬಂದಿದ್ದವರೊಬ್ಬರು. ವಯಸ್ಸು 36. ಗ್ರಾಫ್ ಥಿಯರಿಯಲ್ಲಿ, ಅಂದರೆ ಚುಕ್ಕಿಗಳನ್ನು ಗೆರೆಗಳಿಂದ ಜೋಡಿಸಿ ನೋಡುವ ಗಣಿತದಲ್ಲಿ, ಪಿಎಚ್‌ಡಿ. ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು. ರಜೆ ಬಂತೆಂದರೆ ಗೌರವಧನ ನಿಲ್ಲುತ್ತದೆ, ಮುಂದಿನ ವರ್ಷ ಯಾವ ಊರೋ ಗೊತ್ತಿಲ್ಲ. ರಾತ್ರಿ ಕೂತು ಪೈಥಾನ್ ಕಲಿತಿದ್ದರು, ಫ್ರೀಲಾನ್ಸ್ ಮಾಡುವ ಆಸೆ ಇತ್ತು. ತಡೆದಿದ್ದು ಬೇರೆ ವಿಷಯ.

"ಮೇಡಂ, ನಮ್ಮಪ್ಪ ಊರಲ್ಲೆಲ್ಲ ಮಗ ಡಾಕ್ಟರೇಟ್ ಅಂತ ಹೇಳ್ಕೊಂಡು ಓಡಾಡ್ತಾರೆ. ಈಗ ಗಣಿತ ಬಿಟ್ಟೆ ಅಂದ್ರೆ?"

ಕಾಲೇಜಿನ ಪರೀಕ್ಷೆ ವೇಳಾಪಟ್ಟಿ ಯಾರು ಮಾಡ್ತಾರೆ ಅಂತ ಕೇಳಿದೆ. ಅವರೇ! ನನ್ನ ಪ್ಯಾಡ್ ಎಳೆದುಕೊಂಡು ತೋರಿಸಿದರು: ಒಂದೊಂದು ವಿಷಯಕ್ಕೂ ಒಂದು ಚುಕ್ಕಿ, ಎರಡು ವಿಷಯ ತೆಗೆದುಕೊಂಡ ವಿದ್ಯಾರ್ಥಿ ಒಬ್ಬನಿದ್ದರೂ ಆ ಚುಕ್ಕಿಗಳ ನಡುವೆ ಗೆರೆ, ಗೆರೆ ಸೇರಿದ ಚುಕ್ಕಿಗಳಿಗೆ ಒಂದೇ ಬಣ್ಣ ಕೊಡುವಂತಿಲ್ಲ, ಒಂದು ಬಣ್ಣ ಅಂದ್ರೆ ಒಂದು ಹೊತ್ತಿನ ಪರೀಕ್ಷೆ. ಹೇಳ್ತಾ ಹೇಳ್ತಾ ದನಿಯೇ ಬದಲಾಯಿತು. ಇದರಲ್ಲಿ ಗಣಿತ ಬಿಟ್ಟಿದ್ದು ಎಲ್ಲಿ ಹೇಳಿ? ಸೇಜ್‌ಮ್ಯಾತ್ ಎಂಬ ಗಣಿತದ ಸಾಫ್ಟ್‌ವೇರ್ ಶುರು ಮಾಡಿದ ವಿಲಿಯಂ ಸ್ಟೈನ್ ಕೂಡ ಸಂಖ್ಯಾ ಸಿದ್ಧಾಂತದ ಗಣಿತಜ್ಞರೇ.

ನಾನು ಹೇಳಿದ್ದು ಇಷ್ಟು. ವೆಬ್‌ಸೈಟ್ ಮಾಡಿಕೊಡುವವರ ಜೊತೆ ಪೈಪೋಟಿಗೆ ಇಳಿಯಬೇಡಿ, ಅಲ್ಲಿ ಜನ ಜಾಸ್ತಿ, ರೇಟು ಕಡಿಮೆ. ವೇಳಾಪಟ್ಟಿ, ಗಾಡಿಗಳ ರೂಟು, ಇಂಥ ಕೆಲಸವೇ ಹಿಡಿಯಿರಿ. ನೆಟ್‌ವರ್ಕ್‌ಎಕ್ಸ್‌ನಂಥ (ಗ್ರಾಫ್ ಲೆಕ್ಕಗಳಿಗೆ ಬಳಸುವ ಪೈಥಾನ್ ಕೋಡ್) ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ನೋಡಿ ತಿದ್ದುಪಡಿ ಕಳಿಸಬಹುದಾದ, ಲೈಬ್ರರಿಯಲ್ಲಿ ಒಂದೆರಡು ಬಗ್ ಸರಿಮಾಡಿ, ಗಿರಾಕಿಗೆ ತೋರಿಸೋಕೆ ಸರ್ಟಿಫಿಕೇಟಿಗಿಂತ ಅದು ಮೇಲು. ಇನ್ನೊಂದು, ಗಣಿತದವರಿಗೆ ಪೂರ್ತಿ ಸಾಬೀತಾಗುವವರೆಗೆ ಕೈಬಿಡದ ಅಭ್ಯಾಸ ಇರುತ್ತದೆ, ಆದರೆ ಗಿರಾಕಿಗೆ ಮುಂದಿನ ವಾರವೇ ಓಡುವಂಥದ್ದು ಏನಾದರೂ ಬೇಕು, ಅದು ಅರ್ಧಂಬರ್ಧ ಆದರೂ ಪರವಾಗಿಲ್ಲ, ಕೊಟ್ಟುಬಿಡಿ.

ದುಡ್ಡಿನ ಮಾತು ಬಂದಾಗ ತಲೆ ತಗ್ಗಿಸಿದರು. ಗೆಳೆಯನ ಸಾಗಣೆ ಕಂಪನಿಗೆ ಪ್ರೋಗ್ರಾಂ ಬರೆದುಕೊಟ್ಟು ಒಂದು ರೂಪಾಯಿ ಕೇಳಿರಲಿಲ್ಲ. ಕೇಳೋದೂ ಕೆಲಸದ ಭಾಗವೇ. ಏನು ಮಾಡಿಕೊಡ್ತೀರಿ, ಏನು ಮಾಡಲ್ಲ ಅಂತ ಬರೆದು ಕಳಿಸಿ, ಮುಂಗಡ ಬಂದಮೇಲೆ ಕೈಹಾಕಿ. ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಆದಾಯ ತೆರಿಗೆಯ ಲೆಕ್ಕ ಮಾತ್ರ ಮೊದಲ ದಿನದಿಂದಲೇ ಇಡಿ.

ಕಾಲೇಜನ್ನು ಈಗಲೇ ಬಿಡಬೇಡಿ ಎಂದೆ. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರಲಿ, ಒಬ್ಬರಲ್ಲ, ಇಬ್ಬರು ಮೂವರು ಗಿರಾಕಿಗಳು ಮತ್ತೆ ಮತ್ತೆ ಕೆಲಸ ಕೊಡುವಂತಾಗಲಿ.

ಈಗ ಒಂದು ಖಾಸಗಿ ಕಾಲೇಜಿನ ವೇಳಾಪಟ್ಟಿ ಕೆಲಸ ಒಪ್ಪಿಕೊಂಡಿದ್ದಾರೆ, ಮುಂಗಡ ಕೇಳಿ ತೆಗೆದುಕೊಂಡೇ. ಅಪ್ಪನಿಗೆ ಇನ್ನೂ ಹೇಳಿಲ್ಲ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.